ಹಿಮದ ಲೆಕ್ಕ, ಗಾಯದ ಲೆಕ್ಕ: ಕೊಲರಾಡೊ ಸ್ಕೀ ಸಂಘದ ಅರವತ್ತು ವರ್ಷ

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀಯಿಂಗ್ ಆಟಕ್ಕೆ ಪಾಸ್ ಕೊಳ್ಳುವವರು ಹಣ ಕಟ್ಟುವ ಮೊದಲು ಉದ್ದನೆಯ ಕರಾರೊಂದಕ್ಕೆ ಒಪ್ಪಿಗೆ ಒತ್ತಬೇಕು. ಏನಾದರೂ ಆದರೆ ದಾವೆ ಹೂಡುವುದಿಲ್ಲ ಎಂಬುದು ಅದರ ಸಾರ. ಅದನ್ನು ಕೊನೆಯವರೆಗೆ ಓದಿದವರು ವಿರಳ. 2024ರ ಮೇ ತಿಂಗಳಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್, ಕಾನೂನು ಹೊರಿಸಿರುವ ಕರ್ತವ್ಯಗಳಿಂದ ಇಂಥ ಕರಾರು ಸ್ಕೀ ತಾಣಗಳನ್ನು ಪಾರು ಮಾಡುವುದಿಲ್ಲ ಎಂದಿತು. ತೀರ್ಪು ಬಂದ ಮೇಲೆ ಶುರುವಾದ ವಾದಗಳಲ್ಲಿ ಪಾಸ್‌ಗಳ ಪೈಪೋಟಿ, ವಿಮೆಯ ದರ ಎಲ್ಲವೂ ಬಂದು ಸೇರಿಕೊಂಡವು. ಇವೆಲ್ಲ ಒಂದಕ್ಕೊಂದು ತಗುಲಿಕೊಂಡದ್ದು ಹೇಗೆಂದು ತಿಳಿಯಬೇಕಾದರೆ, ಸುದ್ದಿಯಲ್ಲಿ ಅಷ್ಟಾಗಿ ಹೆಸರು ಕೇಳಿಸದ ಒಂದು ಸಂಸ್ಥೆಯ ಕಡೆ ನೋಡಬೇಕು.

ಅದು ‘ಕೊಲರಾಡೊ ಸ್ಕೀ ಕಂಟ್ರಿ ಯುಎಸ್ಎ’. 1963ರಲ್ಲಿ ಹುಟ್ಟಿದ, ರಾಜ್ಯದ ಸ್ಕೀ ತಾಣಗಳ ವ್ಯಾಪಾರಿ ಸಂಘ. ಲಾಭದ ಕಂಪನಿಯಲ್ಲ, ಸರ್ಕಾರದ ಇಲಾಖೆಯೂ ಅಲ್ಲ. ತಾಣಗಳು ಸದಸ್ಯತ್ವದ ಹಣ ಕಟ್ಟುತ್ತವೆ. ಹೆಚ್ಚು ಜನ ಬರುವ ಬೆಟ್ಟದ ಪಾಲು ಹೆಚ್ಚು, ಸಣ್ಣದರ ಪಾಲು ಕಡಿಮೆ. ಆ ಹಣದಲ್ಲಿ ಸಂಘ ಜಾಹೀರಾತು ಮಾಡುತ್ತದೆ, ಅಂಕಿಅಂಶ ಕಲೆಹಾಕುತ್ತದೆ, ಡೆನ್ವರ್‌ನ ಶಾಸನಸಭೆಯಲ್ಲಿ ಉದ್ಯಮದ ಪರವಾಗಿ ಮಾತಾಡುತ್ತದೆ. ಈ ಕೊನೆಯ ಕೆಲಸ ಸಾಮಾನ್ಯರ ಕಣ್ಣಿಗೆ ಬೀಳುವುದು ಕಡಿಮೆ. ಅಲ್ಲೇ ಕಥೆಯ ಗಟ್ಟಿ ಭಾಗ ಇರುವುದು.

ಸಂಘ ಹುಟ್ಟುವ ಮೊದಲಿನ ಮೂವತ್ತು ವರ್ಷಗಳನ್ನು ಬೇಗ ದಾಟಬಹುದು. 1934ರಲ್ಲಿ ವರ್ಮಾಂಟ್ ರಾಜ್ಯದ ಒಂದು ಗುಡ್ಡದಲ್ಲಿ ಫೋರ್ಡ್ ಕಾರಿನ ಎಂಜಿನ್‌ಗೆ ಹಗ್ಗ ಕಟ್ಟಿ ಜನರನ್ನು ಮೇಲಕ್ಕೆಳೆದರು. 1936ರಲ್ಲಿ ಐಡಾಹೊದ ಸನ್ ವ್ಯಾಲಿಯಲ್ಲಿ ಜನರನ್ನು ಕೂರಿಸಿ ಬೆಟ್ಟದ ಮೇಲಕ್ಕೊಯ್ಯುವ ಕುರ್ಚಿ ಲಿಫ್ಟ್ ಬಂತು. ಹಡಗಿಗೆ ಬಾಳೆಗೊನೆ ಏರಿಸುವ ಕೊಕ್ಕೆಗಳ ಜಾಗದಲ್ಲಿ ಕುರ್ಚಿ ತೂಗುಹಾಕಿದರೆ ಹೇಗೆ ಎಂದು ರೈಲ್ವೆಯ ಎಂಜಿನಿಯರೊಬ್ಬರು ಯೋಚಿಸಿದ್ದರ ಫಲ ಅದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೊಲರಾಡೊದ ಕ್ಯಾಂಪ್ ಹೇಲ್‌ನಲ್ಲಿ ಸ್ಕೀ ತೊಟ್ಟು ಕಾದಾಡಲು ತರಬೇತಾದ ಹತ್ತನೆಯ ಪರ್ವತ ದಳದ ಸೈನಿಕರಲ್ಲಿ ಹಲವರು ಯುದ್ಧ ಮುಗಿದ ಮೇಲೆ ಅದೇ ಬೆಟ್ಟಗಳಿಗೆ ಮರಳಿದರು. ಅವರಲ್ಲೊಬ್ಬರಾದ ಪೀಟ್ ಸೀಬರ್ಟ್ 1962ರ ಕೊನೆಯಲ್ಲಿ ವೇಲ್ ತಾಣವನ್ನು ತೆರೆದರು. ಮರುವರ್ಷವೇ ಸಂಘ ಹುಟ್ಟಿತು. ಆಗ ನ್ಯೂಯಾರ್ಕಿನವರಿಗೆ ವರ್ಮಾಂಟ್ ಹತ್ತಿರ, ಹಣವಂತರಿಗೆ ಆಲ್ಪ್ಸ್ ಪರಿಚಿತ. ಕೊಲರಾಡೊದ ಯಾವ ಬೆಟ್ಟಕ್ಕೂ ಒಂಟಿಯಾಗಿ ದೇಶಕ್ಕೆಲ್ಲ ಜಾಹೀರಾತು ಕೊಡುವ ಶಕ್ತಿ ಇರಲಿಲ್ಲ. ಒಟ್ಟಾಗಿ ರಾಜ್ಯದ ಹೆಸರನ್ನು ಮಾರಿದರೆ ಎಲ್ಲರಿಗೂ ಗಿರಾಕಿ ಸಿಗುತ್ತಾರೆ ಎಂಬ ಸರಳ ಲೆಕ್ಕ.

ಆ ಲೆಕ್ಕ ಸರಿಯಾಗಿಯೇ ಇತ್ತು. 1972ರಲ್ಲಿ ಡೆನ್ವರ್‌ಗೆ ಸಿಕ್ಕಿದ್ದ 1976ರ ಚಳಿಗಾಲದ ಒಲಿಂಪಿಕ್ಸ್‌ಗೆ ರಾಜ್ಯದ ಹಣ ಬೇಡವೆಂದು ಮತದಾರರೇ ತಿರಸ್ಕರಿಸಿದರು. ಆದರೂ ಉದ್ಯಮ ನಿಲ್ಲಲಿಲ್ಲ. ಮರುವರ್ಷ ಐಸೆನ್‌ಹೋವರ್ ಸುರಂಗ ತೆರೆದು ಡೆನ್ವರ್‌ನಿಂದ ಬೆಟ್ಟಗಳ ದಾರಿ ಹತ್ತಿರವಾಯಿತು. 1976–77ರ ಚಳಿಗಾಲದಲ್ಲಿ ಹಿಮವೇ ಬೀಳದೆ ತಾಣಗಳು ಕಂಗಾಲಾದವು; ಯಂತ್ರದಿಂದ ಹಿಮ ಮಾಡುವುದಕ್ಕೆ ದೊಡ್ಡ ಬಂಡವಾಳ ಹರಿದದ್ದು ಅದರ ನಂತರ. 1993ರಲ್ಲಿ ಮತದಾರರು ಪ್ರವಾಸೋದ್ಯಮ ತೆರಿಗೆಯನ್ನೂ ಮುಂದುವರಿಸಲಿಲ್ಲ. ಕೆಲವು ವರ್ಷ ಕೊಲರಾಡೊದಲ್ಲಿ ಪ್ರವಾಸೋದ್ಯಮದ ಪ್ರಚಾರಕ್ಕೆ ಸರ್ಕಾರಿ ಹಣವೇ ಇರಲಿಲ್ಲ. ಸಂಘದಂಥ ಖಾಸಗಿ ಒಕ್ಕೂಟಗಳ ತೂಕ ಹೆಚ್ಚಿದ್ದು ಆಗ.

ಸಂಘದ ದಿನನಿತ್ಯದ ಕೆಲಸದಲ್ಲಿ ಮೆಚ್ಚಬೇಕಾದದ್ದು ಬಹಳ. ಐದನೆಯ ತರಗತಿಯ ಮಕ್ಕಳಿಗಾಗಿ ಅದು ‘ಪಾಸ್‌ಪೋರ್ಟ್’ ಯೋಜನೆ ತಂದಿತು. ಸದಸ್ಯ ತಾಣಗಳಲ್ಲಿ ಮಕ್ಕಳು ಕೆಲವು ದಿನ ಪುಕ್ಕಟೆಯಾಗಿ ಲಿಫ್ಟ್ ಏರಬಹುದಿತ್ತು. ಡೆನ್ವರ್ ಸುತ್ತಮುತ್ತ ನೆಲೆಸಿರುವ ಕನ್ನಡದ ಮನೆಗಳ ಮಕ್ಕಳಿಗೂ ಈ ಬಾಗಿಲು ತೆರೆದೇ ಇದೆ. ಹಿಮವನ್ನೇ ಕಾಣದೆ ಬೆಳೆದ ಅಪ್ಪ ಅಮ್ಮಂದಿರು ಮಕ್ಕಳ ಹಿಂದೆ ಸ್ಕೀ ಕಲಿಯಬೇಕಾಗಿ ಬಂದರೆ ಅದರ ಹೊಣೆಯಲ್ಲಿ ಈ ಯೋಜನೆಗೂ ಪಾಲಿದೆ. ಲವ್‌ಲ್ಯಾಂಡ್, ಮೊನಾರ್ಕ್, ಸನ್‌ಲೈಟ್, ಸ್ಕೀ ಕೂಪರ್‌ನಂಥ ಸಣ್ಣ ತಾಣಗಳನ್ನು ‘ಜೆಮ್ಸ್’ (ರತ್ನಗಳು) ಎಂದು ಕರೆದು ರಿಯಾಯಿತಿ ಕಾರ್ಡ್ ಮಾಡಿದ್ದೂ ಸಂಘವೇ. ಸ್ಕೀ ಕೂಪರ್ ಕೌಂಟಿ ಆಡಳಿತದ ಸ್ವತ್ತು. ಅಂಥದ್ದಕ್ಕೆ ಟೀವಿ ಜಾಹೀರಾತಿನ ಹಣ ಎಲ್ಲಿಂದ ಬರಬೇಕು?

ಇನ್ನೊಂದು ಕೆಲಸ ಹಿಮದ ವರದಿ. ಹಿಂದಿನ ರಾತ್ರಿ ಎಷ್ಟು ಅಂಗುಲ ಬಿತ್ತು, ತಳದಲ್ಲಿ ಎಷ್ಟಿದೆ, ಎಷ್ಟು ಲಿಫ್ಟ್ ಓಡುತ್ತಿವೆ ಎಂಬುದನ್ನೆಲ್ಲ ತಾಣವಾರು ಪಟ್ಟಿ ಮಾಡಿ ಕೊಡುವುದು. ಅಳೆಯುವವರು ತಾಣಗಳವರೇ, ಲಾಭವಾಗುವುದೂ ಅವರಿಗೇ. ಡಾರ್ಟ್‌ಮೌತ್ ಕಾಲೇಜಿನ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕ ಮತ್ತು ಕೆನಡಾದ ತಾಣಗಳ ಇಂಥ ವರದಿಗಳನ್ನು ಪರೀಕ್ಷಿಸಿದಾಗ ಶನಿವಾರ ಭಾನುವಾರಗಳಲ್ಲಿ ಹೊಸ ಹಿಮ ಗಣನೀಯವಾಗಿ ಹೆಚ್ಚು ‘ಬಿದ್ದಿತ್ತು’. ಮೋಡಗಳಿಗೆ ವಾರಾಂತ್ಯ ಗೊತ್ತಿರಲಾರದು. ಸ್ಕೀಯರ್‌ಗಳು ಬೆಟ್ಟದ ಮೇಲಿಂದಲೇ ಮೊಬೈಲ್‌ನಲ್ಲಿ ನಿಜಸ್ಥಿತಿ ಬರೆಯತೊಡಗಿದ ಮೇಲೆ, ಫೋನ್ ಸಂಪರ್ಕ ಚೆನ್ನಾಗಿದ್ದ ತಾಣಗಳಲ್ಲಿ ಈ ಉತ್ಪ್ರೇಕ್ಷೆ ಇಳಿಯಿತು. ಹೊರಗಿನ ಕಣ್ಣು ಬಿದ್ದಾಗ ಅಳತೆ ತಾನಾಗಿ ಸರಿಯಾಗುತ್ತದೆ ಎಂಬುದನ್ನು ಇಲ್ಲಿ ಗುರುತು ಹಾಕಿಟ್ಟುಕೊಳ್ಳಬಹುದು.

ಈಗ ಕಾನೂನಿನ ಭಾಗ. ಇದು ಕೊಲರಾಡೊದಲ್ಲಿ ಶುರುವಾದದ್ದಲ್ಲ. 1951ರಲ್ಲಿ ವರ್ಮಾಂಟ್‌ನ ಫೆಡರಲ್ ನ್ಯಾಯಾಲಯ, ಸ್ಕೀಯಿಂಗ್ ಅಪಾಯದ ಆಟ, ಆಡುವವನು ಅಪಾಯವನ್ನು ಒಪ್ಪಿಯೇ ಬಂದಿರುತ್ತಾನೆ ಎಂದಿತ್ತು. ಕಾಲು ಶತಮಾನ ಆ ಮಾತೇ ನಡೆಯಿತು. 1974ರಲ್ಲಿ ಅದೇ ರಾಜ್ಯದ ಸ್ಟ್ರ್ಯಾಟನ್ ತಾಣದಲ್ಲಿ, ಹೊಸಬರಿಗೆಂದೇ ಇದ್ದ ಹಾದಿಯಲ್ಲಿ, ಹಿಮದಡಿ ಅಡಗಿದ್ದ ಒಂದು ಪೊದೆಗೆ ಸ್ಕೀ ಸಿಕ್ಕಿ 21ರ ಯುವಕ ಬಿದ್ದ. ಜೀವಮಾನವಿಡೀ ಕೈಕಾಲು ಸ್ವಾಧೀನ ತಪ್ಪಿದವು. ತೀರ್ಪುಗಾರರ ಮಂಡಳಿ 15 ಲಕ್ಷ ಡಾಲರ್ ಪರಿಹಾರ ಕೊಟ್ಟಿತು, 1978ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನ್ಯಾಯಾಲಯದ ತರ್ಕ ಸ್ವಾರಸ್ಯಕರ: ಇಳಿಜಾರನ್ನು ಯಂತ್ರದಿಂದ ಹದಗೊಳಿಸುತ್ತೇವೆ, ಹಾದಿ ನಯವಾಗಿರುತ್ತದೆ ಎಂದು ತಾಣಗಳೇ ಹೇಳಿಕೊಳ್ಳುವ ಕಾಲ ಬಂದಿದೆ. ಹೀಗಿರುವಾಗ ಹಾದಿಯ ನಡುವಿನ ಪೊದೆಯನ್ನು ಆಟದ ಸಹಜ ಅಪಾಯ ಎನ್ನಲಾಗದು.

ಈ ತೀರ್ಪಿನಿಂದ ವಿಮಾ ಕಂಪನಿಗಳು ಬೆದರಿದವು, ಕಂತು ಏರಿತು. ಸಣ್ಣ ಗುಡ್ಡಗಳ ಮಾಲೀಕರ ಭಯ ಸುಳ್ಳಾಗಿರಲಿಲ್ಲ; ಒಂದೇ ದಾವೆ ಅವರನ್ನು ಮುಳುಗಿಸಬಹುದಿತ್ತು. ವರ್ಮಾಂಟ್ ಅದೇ ವರ್ಷ ಹೊಸ ಕಾನೂನು ಮಾಡಿತು. ಕೊಲರಾಡೊದ ಸ್ಕೀ ಸುರಕ್ಷತಾ ಕಾಯ್ದೆ ಬಂದದ್ದು 1979ರಲ್ಲಿ. ಹೆಸರಿನಲ್ಲಿ ಸುರಕ್ಷತೆ ಇದ್ದರೂ, ಯಾರ ಹೊಣೆ ಎಲ್ಲಿಗೆ ನಿಲ್ಲುತ್ತದೆ ಎಂಬ ಗೆರೆ ಎಳೆಯುವುದೇ ಅದರ ಮುಖ್ಯ ಕೆಲಸ. ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರದ ಗುರುತುಗಳಿಂದ ಹಾದಿಯ ಕಷ್ಟವನ್ನು ತಿಳಿಸುವುದು ತಾಣದ ಕರ್ತವ್ಯ. ವೇಗವನ್ನು ಹಿಡಿತದಲ್ಲಿಡುವುದು, ಕೆಳಗಿರುವವರಿಗೆ ಡಿಕ್ಕಿ ಹೊಡೆಯದಿರುವುದು ಸ್ಕೀಯರ್‌ನ ಕರ್ತವ್ಯ. ಇಷ್ಟಕ್ಕೆ ಯಾರೂ ತಕರಾರು ಮಾಡಲಾರರು.

ಗೆರೆ ಜರುಗಿದ್ದು ತಿದ್ದುಪಡಿಗಳಲ್ಲಿ. 1990ರಲ್ಲಿ ‘ಸಹಜ ಅಪಾಯ’ಗಳ ಪಟ್ಟಿ ಕಾಯ್ದೆಯೊಳಗೆ ಬಂತು: ಹವಾಮಾನ, ಮಂಜುಗಡ್ಡೆ, ಬಂಡೆ, ಮರ, ಬದಲಾಗುವ ಹಿಮದ ಸ್ಥಿತಿ. ಪಟ್ಟಿಯಲ್ಲಿರುವ ಕಾರಣಕ್ಕೆ ಗಾಯವಾದರೆ ದಾವೆ ಇಲ್ಲ. ಇಳಿಜಾರಿನಲ್ಲಿ ಆದ ಗಾಯಕ್ಕೆ ಒಟ್ಟು ಪರಿಹಾರ 10 ಲಕ್ಷ ಡಾಲರ್ ಮೀರಬಾರದು ಎಂಬ ಮಿತಿಯೂ ಆಗಲೇ ಬಂತು. ಎಪ್ಪತ್ತರ ದಶಕದಲ್ಲಿ ವರ್ಮಾಂಟ್‌ನ ಆ ಯುವಕನಿಗೆ ಸಿಕ್ಕಿದ್ದಕ್ಕಿಂತ ಇದು ಕಡಿಮೆ. 2004ರಲ್ಲಿ ಕಡಿದಾದ ಬಂಡೆಯಂಚು, ನೆಗೆತಕ್ಕೆಂದು ಕಟ್ಟಿದ ದಿಬ್ಬಗಳಿರುವ ಜಾಗಗಳೂ ಪಟ್ಟಿಗೆ ಸೇರಿದವು. 2012ರಲ್ಲಿ ವಿಂಟರ್ ಪಾರ್ಕ್ ತಾಣದಲ್ಲಿ, ತೆರೆದಿದ್ದ ಹಾದಿಯಲ್ಲೇ ಹಿಮ ಕುಸಿದು ಒಬ್ಬರು ಸತ್ತರು. ಕಾಯ್ದೆಯಲ್ಲಿ ಹಿಮಕುಸಿತ ಎಂಬ ಮಾತೇ ಇರಲಿಲ್ಲ. 2016ರಲ್ಲಿ ಕೊಲರಾಡೊ ಸುಪ್ರೀಂ ಕೋರ್ಟ್, ಬಹುಮತದಿಂದ, ಕುಸಿತವೂ ಹಿಮದ ಸ್ಥಿತಿಯ ಬದಲಾವಣೆಯೇ ಎಂದು ತೀರ್ಮಾನಿಸಿತು. ಬೆಟ್ಟದ ಪಾಡು ಬೆಟ್ಟಕ್ಕೆ ಎಂಬುದು ಒಪ್ಪತಕ್ಕ ಮಾತು. ಆದರೆ ಆ ದಿನ ಆ ಹಾದಿಯನ್ನು ತೆರೆಯುವುದೋ ಮುಚ್ಚುವುದೋ ಎಂದು ನಿರ್ಧರಿಸಿದ್ದು ಬೆಟ್ಟವಲ್ಲ.

ಇದರ ಜೊತೆಗೇ ಕರಾರಿನ ಕಥೆ. 17 ವರ್ಷದ ಸ್ಕೀ ಸ್ಪರ್ಧಿಯೊಬ್ಬ ಮರಕ್ಕೆ ಬಡಿದು ದೃಷ್ಟಿ ಕಳೆದುಕೊಂಡ ಪ್ರಕರಣದಲ್ಲಿ 2002ರಲ್ಲಿ ಅದೇ ಕೋರ್ಟ್, ಮಗುವಿನ ಹಕ್ಕನ್ನು ತಂದೆತಾಯಿ ಸಹಿ ಹಾಕಿ ಬಿಟ್ಟುಕೊಡಲಾಗದು ಎಂದಿತ್ತು. 2003ರಲ್ಲಿ ಶಾಸನಸಭೆ ಆ ತೀರ್ಪನ್ನೇ ಅಳಿಸುವ ಕಾನೂನು ತಂದಿತು: ತಂದೆತಾಯಿ ಸಹಿ ಹಾಕಬಹುದು. ಕೋರ್ಟ್ ಒಂದು ಕಡೆ ಎಳೆದದ್ದನ್ನು ಶಾಸನಸಭೆ ಇನ್ನೊಂದು ಕಡೆ ಎಳೆಯಲು ಹೆಚ್ಚು ಕಾಲ ಬೇಕಾಗಲಿಲ್ಲ.

ಲಿಫ್ಟ್‌ನ ವಿಷಯದಲ್ಲಿ ಮಾತ್ರ ರಾಜ್ಯ ಮೊದಲಿನಿಂದಲೂ ಬಿಗಿ. 1965ರಲ್ಲೇ ಲಿಫ್ಟ್‌ಗಳಿಗೆಂದೇ ಒಂದು ಕಾಯ್ದೆ, ಅವುಗಳ ತಪಾಸಣೆಗೆ ಸರ್ಕಾರಿ ಮಂಡಳಿ ಬಂದಿತ್ತು. 1976ರಲ್ಲಿ ವೇಲ್‌ನಲ್ಲಿ ತಂತಿಯ ಮೇಲೆ ತೂಗಿ ಸಾಗುವ ಗೊಂಡೊಲಾ ಡಬ್ಬಿಗಳು ಬಿದ್ದು ನಾಲ್ವರು ಸತ್ತರು. 1985ರಲ್ಲಿ ಕೀಸ್ಟೋನ್‌ನಲ್ಲಿ ಲಿಫ್ಟ್‌ನ ದೊಡ್ಡ ಚಕ್ರ ಮುರಿದು ಹಲವರು ಗಾಯಗೊಂಡರು, ಇಬ್ಬರು ಸತ್ತರು. ಕುರ್ಚಿಯಲ್ಲಿ ಕುಳಿತವನ ಕೈಯಲ್ಲಿ ಏನೂ ಇರುವುದಿಲ್ಲ, ಆದ್ದರಿಂದ ಲಿಫ್ಟ್ ನಡೆಸುವವರು ಅತ್ಯುನ್ನತ ಎಚ್ಚರಿಕೆ ವಹಿಸಬೇಕು ಎಂದು 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 10 ಲಕ್ಷದ ಮಿತಿಯೂ ಲಿಫ್ಟ್ ಪ್ರಯಾಣಿಕರ ಗಾಯಕ್ಕೆ ಅನ್ವಯಿಸುವುದಿಲ್ಲ. ತಾಣಗಳಿಗೆ ಲಿಫ್ಟ್‌ನಲ್ಲಿ ಉಳಿದಿದ್ದ ದೊಡ್ಡ ರಕ್ಷಣೆ ಎಂದರೆ ಗಿರಾಕಿ ಒಪ್ಪಿಗೆ ಒತ್ತಿದ ಆ ಕರಾರು.

ಈ ನಡುವೆ ಸಂಘವೇ ಸೀಳಿತು. 1998ರಲ್ಲಿ ವಿಂಟರ್ ಪಾರ್ಕ್ ತಾಣ, ನಾಲ್ವರು ಒಟ್ಟಾಗಿ ಕೊಂಡರೆ ತಲೆಗೆ ಸುಮಾರು 200 ಡಾಲರ್‌ಗೆ ಇಡೀ ಋತುವಿನ ಪಾಸ್ ಕೊಟ್ಟು ದರಸಮರಕ್ಕೆ ನಾಂದಿ ಹಾಡಿತು. ಹತ್ತು ವರ್ಷದ ನಂತರ, 2008ರಲ್ಲಿ, ವೇಲ್ ರೆಸಾರ್ಟ್ಸ್ ಕಂಪನಿ ತನ್ನೆಲ್ಲ ಬೆಟ್ಟಗಳಿಗೆ ಸಲ್ಲುವ ‘ಎಪಿಕ್ ಪಾಸ್’ ಅನ್ನು 579 ಡಾಲರ್‌ಗೆ ತಂದಿತು. ಅದೇ ವರ್ಷ ಸಂಘದಿಂದ ಹೊರನಡೆಯಿತು. ವೇಲ್, ಬೀವರ್ ಕ್ರೀಕ್, ಬ್ರೆಕನ್‌ರಿಜ್, ಕೀಸ್ಟೋನ್ ನಾಲ್ಕೂ ಒಟ್ಟಿಗೆ ಹೋದವು. ಹೆಚ್ಚು ಜನ ಬರುವವರು ಹೆಚ್ಚು ಕಟ್ಟಬೇಕೆಂಬ ಪದ್ಧತಿಯಲ್ಲಿ ಇದರ ಪೆಟ್ಟು ಎಲ್ಲಿಗೆ ಬಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಷೇರುಪೇಟೆಯಲ್ಲಿರುವ ಕಂಪನಿಗೆ ತನ್ನ ಹಣದಲ್ಲಿ ಪಕ್ಕದ ಬೆಟ್ಟದ ಪ್ರಚಾರ ಮಾಡುವುದು ಲಾಭವೆನಿಸಲಿಲ್ಲ. ವ್ಯಾಪಾರದ ದೃಷ್ಟಿಯಲ್ಲಿ ಅದು ತಪ್ಪೂ ಅಲ್ಲ. 2018ರಲ್ಲಿ ಎದುರಾಳಿಯಾಗಿ ‘ಐಕಾನ್ ಪಾಸ್’ ಬಂತು. ಗಿರಾಕಿ ಈಗ ಹಿಮ ಬೀಳುವ ಮೊದಲೇ ಪಾಸ್ ಕೊಂಡಿರುತ್ತಾನೆ, ರಾಜ್ಯದ ಹೆಸರಿಗಿಂತ ಪಾಸ್‌ನ ಹೆಸರು ದೊಡ್ಡದಾಗಿದೆ. 2022–23ರ ಋತುವಿನಲ್ಲಿ ಕೊಲರಾಡೊಗೆ 1.48 ಕೋಟಿ ಸ್ಕೀ ಭೇಟಿಗಳ ದಾಖಲೆ ಬಂದಾಗ ಸಂತೋಷಪಡದವರು ಇರಲಿಲ್ಲ. ಸಂಘದ ಸದಸ್ಯರಿಗೆ ಅದರಲ್ಲಿ ಎಷ್ಟು ಪಾಲು ಎಂಬುದು ಬೇರೆ ಮಾತು.

ಪ್ರಚಾರದಲ್ಲಿ ದಾರಿ ಬೇರೆಯಾದರೂ ಹೊಣೆಗಾರಿಕೆಯ ವಿಷಯದಲ್ಲಿ ಉದ್ಯಮ ಒಂದೇ ಧ್ವನಿಯಲ್ಲಿ ಮಾತಾಡುತ್ತದೆ. 2021ರಲ್ಲಿ ಅದು ಸ್ಪಷ್ಟವಾಗಿ ಕಂಡಿತು. ಪ್ರತಿ ತಾಣವೂ ತನ್ನ ಸುರಕ್ಷತಾ ಯೋಜನೆಯನ್ನೂ ಅಲ್ಲಿ ಆಗುವ ಗಾಯಗಳ ಅಂಕಿಅಂಶವನ್ನೂ ಬಹಿರಂಗಪಡಿಸಬೇಕು ಎಂಬ ಮಸೂದೆ ಶಾಸನಸಭೆಗೆ ಬಂತು. ಸಂಘ ವಿರೋಧಿಸಿತು. ಮಸೂದೆ ಸಮಿತಿಯ ಹಂತದಲ್ಲೇ ಸತ್ತಿತು. ಬೆಟ್ಟದಿಂದ ಬೆಟ್ಟಕ್ಕೆ ಸ್ಥಿತಿ ಬೇರೆ, ಹೋಲಿಕೆ ದಾರಿ ತಪ್ಪಿಸುತ್ತದೆ ಎಂಬುದು ಇಂಥ ಮಸೂದೆಗಳಿಗೆ ಉದ್ಯಮ ಕೊಡುವ ಉತ್ತರ. ಅದರಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಹಿಮದ ಅಂಗುಲಗಳನ್ನು ಬೆಟ್ಟದಿಂದ ಬೆಟ್ಟಕ್ಕೆ ಹೋಲಿಸಿ ಪ್ರಕಟಿಸುವಾಗ ಇದೇ ಸಂಕೋಚ ಕಾಣುವುದಿಲ್ಲ. ಇಡೀ ದೇಶದ ಸಾವುಗಳ ಲೆಕ್ಕವನ್ನು ಸ್ಕೀ ತಾಣಗಳ ರಾಷ್ಟ್ರೀಯ ಸಂಘ ವರ್ಷಕ್ಕೊಮ್ಮೆ ಒಟ್ಟಾಗಿ ಕೊಡುತ್ತದೆ. ಯಾವ ಬೆಟ್ಟದಲ್ಲಿ ಎಷ್ಟು ಎಂಬುದು ಅದರಲ್ಲಿ ಇರುವುದಿಲ್ಲ.

ಮರುವರ್ಷ, 2022ರ ಮಾರ್ಚ್‌ನಲ್ಲಿ, ಕ್ರೆಸ್ಟೆಡ್ ಬ್ಯೂಟ್ ತಾಣದಲ್ಲಿ 16 ವರ್ಷದ ಹುಡುಗಿಯೊಬ್ಬಳು ಕುರ್ಚಿಯಲ್ಲಿ ಸರಿಯಾಗಿ ಕೂರಲಾಗದೆ ತೂಗಾಡುತ್ತಲೇ ಮೇಲಕ್ಕೆ ಹೋದಳು. ಲಿಫ್ಟ್ ನಿಲ್ಲಿಸಿ ಎಂದು ಕೆಳಗಿದ್ದವರು ಕೂಗಿದರೂ ಅದು ನಿಲ್ಲಲಿಲ್ಲ ಎಂಬುದು ದೂರು. ಸುಮಾರು 30 ಅಡಿ ಎತ್ತರದಿಂದ ಬಿದ್ದ ಅವಳು ನಡೆಯುವ ಶಕ್ತಿ ಕಳೆದುಕೊಂಡಳು. ಪಾಸ್‌ನ ಕರಾರನ್ನು ತಂದೆ ಒಪ್ಪಿದ್ದರು. 2003ರ ಕಾನೂನಿನ ಪ್ರಕಾರ ಆ ಒಪ್ಪಿಗೆಗೆ ಬೆಲೆಯಿತ್ತು. 2024ರ ತೀರ್ಪು ಅದನ್ನು ಪೂರ್ತಿ ತೆಗೆದುಹಾಕಲಿಲ್ಲ. ಸ್ಕೀ ಸುರಕ್ಷತಾ ಕಾಯ್ದೆ ಮತ್ತು ಲಿಫ್ಟ್ ಕಾಯ್ದೆ ತಾಣಗಳ ಮೇಲೆ ಹೊರಿಸಿರುವ ಕರ್ತವ್ಯಗಳನ್ನು ಮುರಿದರೆ, ಆ ಮಟ್ಟಿಗೆ ಮಾತ್ರ, ಖಾಸಗಿ ಕರಾರು ಗುರಾಣಿಯಾಗದು ಎಂದಿತು.

ಅಂದರೆ 1990ರ ಪಟ್ಟಿ ಹಾಗೆಯೇ ಇದೆ. 2016ರ ಹಿಮಕುಸಿತದ ತೀರ್ಪು ಹಾಗೆಯೇ ಇದೆ. ಇಳಿಜಾರಿನ 10 ಲಕ್ಷದ ಮಿತಿಗೂ ಈ ತೀರ್ಪು ಕೈ ಹಚ್ಚಲಿಲ್ಲ. ತೀರ್ಪು ನಿಂತಿರುವುದು ಶಾಸನಸಭೆಯೇ ಬರೆದ ಎರಡು ಕಾಯ್ದೆಗಳ ಮೇಲೆ. ಅವನ್ನು ತಿದ್ದುವ ಅಧಿಕಾರವೂ ಅದೇ ಸಭೆಗಿದೆ. ತಿದ್ದುಪಡಿ ಬೇಕೆಂದೋ ಬೇಡವೆಂದೋ ಅಲ್ಲಿ ಸಂಘದ ಪರವಾಗಿ ಮಾತಾಡುವವರು ಇದ್ದೇ ಇದ್ದಾರೆ. ಸ್ಕೀಯರ್‌ಗಳ ಪರವಾಗಿ ಮಾತಾಡುವವರು ಯಾರು ಎಂಬುದೇ ಪ್ರಶ್ನೆ.