ಕುಡಿಯುವವರು ನಿಜ ಹೇಳಲ್ಲ, ಮತ್ತೆ ಸರ್ವೆ ಯಾಕೆ?

ಧಾರವಾಡದಲ್ಲಿ ಅಂಕಿಅಂಶ ಕಲಿಸುತ್ತೇನೆ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಈಗ ಹಾವೇರಿಯ ಓದುಗರೊಬ್ಬರು ಮತ್ತೆ ಕೇಳಿದ್ದಾರೆ: "ಸರ್, ಕುಡಿಯೋರು ಯಾರರೀ ಖರೇ ಹೇಳ್ತಾರ? ಸರ್ವೆ ಎಲ್ಲಾ ಸುಳ್ಳ ಅಲ್ಲೇನ್ರಿ?"

ಮುಚ್ಚಿಡುತ್ತಾರೆ, ಒಪ್ಪಿದೆ. ಆದರೆ ಯಾವ ಕಡೆಗೆ? ಕುಡಿಯುವವರು ಇಲ್ಲ ಅಂತಾರೆ. ಕುಡಿಯದವರು ಸುಮ್ನೆ ಹೌದು ಅನ್ನುವುದು ಅಪರೂಪ. ಹಾಗಾಗಿ ಲೆಕ್ಕ ಕಡಿಮೆ ಬರುತ್ತದೆ, ಜಾಸ್ತಿ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15 ವರ್ಷ ತುಂಬಿದ ಗಂಡಸರಲ್ಲಿ ಶೇ. 18.8, ಹೆಂಗಸರಲ್ಲಿ ಶೇ. 1.3 ಜನ ಕುಡಿಯುತ್ತಾರೆ ಎಂದಿದೆ. 'ಕಡಿಮೆ ಅಂದರೂ ಇಷ್ಟು' ಅಂತ ಓದಿಕೊಳ್ಳಿ. ಹೆಂಗಸರು ಹೇಳಲು ಇನ್ನೂ ಹೆಚ್ಚು ಹಿಂಜರಿಯುತ್ತಾರೆ, ಅಲ್ವಾ? ಅದಕ್ಕೇ ಇಬ್ಬರ ನಡುವಿನ ಅಂತರವನ್ನು ಹುಷಾರಾಗಿ ನೋಡಬೇಕು.

ಇನ್ನೊಂದು ಮಾತು. ಎಷ್ಟೋ ಸಲ ಸುಳ್ಳು ಬರುವುದು ನಮ್ಮ ಕಡೆಯಿಂದ. "ಒಂದ ತಗೋತೀನ್ರಿ" ಅಂತಾರೆ. ಒಂದು ಪೆಗ್ಗೋ, ನೈಂಟಿಯೋ, ಕ್ವಾರ್ಟರೋ? ಕ್ವಾರ್ಟರ್ ಅಂದ್ರೆ 180 ಮಿ.ಲೀ., 30ರ ಆರು ಪೆಗ್. ಅವರು ನಿಜವನ್ನೇ ಹೇಳಿದರು. ನಾವು 1 ಅಂತ ಬರೆದುಕೊಂಡೆವು!

ಆಮೇಲೆ 99. ಉತ್ತರ ಕೊಡದವರ ಮುಂದೆ ಈ ಸಂಖ್ಯೆ ಹಾಕುವ ರೂಢಿ ಇದೆ. ತಿಂಗಳಿಗೆ ಎಷ್ಟು ದಿನ ಕುಡಿಯುತ್ತೀರಿ ಎಂದು ಹತ್ತು ಜನರನ್ನು ಕೇಳಿದಿರಿ. ಒಂಬತ್ತು ಜನ 2 ಅಂದರು, ಒಬ್ಬರು ಬಾಯಿ ಬಿಡಲಿಲ್ಲ. 99 ತೆಗೆಯದೇ ಸರಾಸರಿ ಹಾಕಿದರೆ 2 ದಿನ ಹೋಗಿ 11.7 ಆಗುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಹಿಂದಿನ ವರ್ಷ ಇಂಥದ್ದನ್ನು ತಾನೇ ಹಿಡಿದಳು. ಆ ದಿನ ನನಗೆ ಬಹಳ ಖುಷಿಯಾಯಿತು.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 'ನಮ್ಮ ಜಿಲ್ಲೆಯಲ್ಲಿ ಶೇ. 10.6 ಜನರಿಗೆ ಮಾನಸಿಕ ಕಾಯಿಲೆ' ಅಂತ ಭಾಷಣಗಳಲ್ಲಿ ಹೇಳಬೇಡಿ. ಅದು ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆಯ ಲೆಕ್ಕ, ಅದೂ ದೊಡ್ಡವರದ್ದು. ಆ 12ರಲ್ಲಿ ಕರ್ನಾಟಕ ಇರಲೇ ಇಲ್ಲ.

ಅದೇ ಸಮೀಕ್ಷೆಯಲ್ಲಿ ನನ್ನನ್ನು ಕಾಡುವ ಸಂಖ್ಯೆ ಬೇರೆ ಇದೆ. ಕುಡಿತದ ಸಮಸ್ಯೆ ಇರುವ 100 ಜನರಲ್ಲಿ ಸುಮಾರು 86 ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಆ 86 ಜನ ಲೆಕ್ಕಕ್ಕೆ ಸಿಕ್ಕಿದ್ದು ಹೇಗೆ ಗೊತ್ತಾ? ಮನೆ ಬಾಗಿಲಿಗೆ ಬಂದ ಅಪರಿಚಿತರ ಮುಂದೆ ಕೂತು ನಿಜ ಹೇಳಿದ್ದರಿಂದ.