ಶಟರ್ ಅಂಚಿನ ಕಪ್ಪು ರಬ್ಬರ್ ಪಟ್ಟಿ

ದೊಡ್ಡ ಗೋದಾಮಿನ ಮೋಟಾರು ಶಟರ್ ಇಳಿಯುವಾಗ ಅದರ ಅಡಿಯಂಚನ್ನು ನೋಡಿ. ಉದ್ದಕ್ಕೂ ಕಪ್ಪು ರಬ್ಬರ್ ಪಟ್ಟಿ ಇರುತ್ತದೆ. ಅದುಮಿದರೆ ಮೆತ್ತಗೆ, ಒಳಗೆ ಟೊಳ್ಳು. ಧೂಳು, ಮಳೆನೀರು ತಡೆಯೋಕೆ ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ. ಅದಕ್ಕೂ ಹೌದು. ಆದರೆ ಕೆಳಗೆ ಯಾರಾದರೂ ಸಿಕ್ಕಿಕೊಂಡರೆ ಬಾಗಿಲಿಗೆ ಸುದ್ದಿ ಮುಟ್ಟಿಸುವುದೂ ಅದೇ. ಹೆಸರು ಸೇಫ್ಟಿ ಎಡ್ಜ್.

ಅಮೆರಿಕದ ಸಿ. ಜಿ. ಜಾನ್ಸನ್ 1921ರಲ್ಲಿ ಮೇಲಕ್ಕೆ ಸರಿಯುವ ಬಾಗಿಲು ಮಾಡಿದರು. 1926ರಲ್ಲಿ ಅದಕ್ಕೆ ಮೋಟಾರು ಕೂಡಿಸಿದರು. ಕೈಯಲ್ಲಿ ಎಳೆಯುವಾಗ ಏನಾದರೂ ಅಡ್ಡ ಸಿಕ್ಕರೆ ಕೈಗೇ ಗೊತ್ತಾಗುತ್ತದೆ ಅಲ್ವಾ? ಮೋಟಾರಿಗೆ ಆ ಅರಿವಿಲ್ಲ.

ಅದನ್ನು ತಂದುಕೊಡುವ ಒಂದು ಸರಳ ಉಪಾಯ ಗಾಳಿ. ರಬ್ಬರ್ ಕೊಳವೆ ಅಮುಕಿದಾಗ ಒಳಗಿನ ಗಾಳಿ ತುದಿಯ ಸ್ವಿಚ್ಚನ್ನು ತಳ್ಳುತ್ತದೆ, ಬಾಗಿಲು ನಿಂತು ಮೇಲೇರುತ್ತದೆ. ಕೊಳವೆ ಎಲ್ಲೋ ಸೀಳಿತು ಅನ್ನಿ. ಗಾಳಿ ಅಲ್ಲೇ ಸೋರುತ್ತದೆ, ಸ್ವಿಚ್ ಸುಮ್ಮನಿರುತ್ತದೆ, ಬಾಗಿಲು ಎಂದಿನಂತೆ ಏರಿಳಿಯುತ್ತದೆ. ಕೆಟ್ಟಿದ್ದು ಯಾರಿಗೂ ತಿಳಿಯುವುದಿಲ್ಲ. ನಿಜವಾದ ಅಪಾಯ ಇಲ್ಲೇ ಇದೆ. ಅದಕ್ಕೇ ಆಮೇಲಿನ ಬಾಗಿಲುಗಳಲ್ಲಿ ಒಂದು ಪರೀಕ್ಷೆ ಸೇರಿಸಿದರು: ಅಂಚು ನೆಲ ಮುಟ್ಟಿದಾಗಲೆಲ್ಲ ಗಾಳಿಯ ತಳ್ಳು ಬರಬೇಕು, ಬರದಿದ್ದರೆ ದೋಷ.

ನನಗೆ ತುಂಬಾ ಇಷ್ಟವಾದದ್ದು ವಿದ್ಯುತ್ ಪಟ್ಟಿ. ಒಳಗೆ ಒಂದಕ್ಕೊಂದು ತಾಗದ, ವಿದ್ಯುತ್ ಹರಿಯುವ ಎರಡು ಪದರ, ತುದಿಯಲ್ಲಿ 8.2 ಕಿಲೋಓಮ್‌ನ ಪುಟ್ಟ ರೆಸಿಸ್ಟರ್, ಅಂದರೆ ವಿದ್ಯುತ್ತಿಗೆ ಇಷ್ಟೇ ಅಂತ ತಡೆ ಒಡ್ಡುವ ಬಿಡಿಭಾಗ. ತಡೆಯ ಅಳತೆ ಅಷ್ಟೇ ಬಂದರೆ ಎಲ್ಲ ಸರಿ. ಪಟ್ಟಿ ಅದುಮಿದರೆ ಪದರಗಳು ಕೂಡಿ ಅಳತೆ ಸೊನ್ನೆಯ ಹತ್ತಿರ ಬೀಳುತ್ತದೆ. ತಂತಿ ಕತ್ತರಿಸಿದರೆ ವಿಪರೀತ ಏರುತ್ತದೆ. ಎರಡರಲ್ಲೂ ಬಾಗಿಲು ನಿಲ್ಲುತ್ತದೆ. ಇನ್ನೊಂದು ಬಗೆಯಲ್ಲಿ ರಬ್ಬರಿನೊಳಗೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹಾಯುತ್ತದೆ. ಅದು ಕಡಿದರೆ ಮೋಟಾರು ನಿಲ್ಲುತ್ತದೆ.

ನಿಯಮಗಳು ನಿಧಾನಕ್ಕೆ ಬಂದವು. ಅಮೆರಿಕದಲ್ಲಿ ಮನೆ ಗ್ಯಾರೇಜಿನ ಬಾಗಿಲಿಗೆ ಸಿಕ್ಕಿ ಮಕ್ಕಳು ಸತ್ತ ಮೇಲೆ 1990ರಲ್ಲಿ ಕಾನೂನಾಯಿತು. 1993ರ ಜನವರಿ 1ರ ನಂತರ ತಯಾರಾದ ಯಂತ್ರಗಳಿಗೆ ಅದು ಅನ್ವಯ. ಕಾರ್ಖಾನೆ, ಗೋದಾಮುಗಳ ಸರದಿ ಬಂದದ್ದು 2010ರ ಆಗಸ್ಟ್‌ನಲ್ಲಿ, ಯುಎಲ್ 325 ಎಂಬ ಸುರಕ್ಷಾ ಮಾನದಂಡದ ಮೂಲಕ: ಒಂದೇ ಸಲ ಗುಂಡಿ ಒತ್ತಿ ಮುಚ್ಚುವ ಹಾಗಿರಬೇಕಾದರೆ, ಕೆಟ್ಟರೆ ತಾನೇ ತಿಳಿಸುವ ಸುರಕ್ಷಾ ಸಾಧನ ಇರಲೇಬೇಕು. ಇಲ್ಲವಾದರೆ ಬಾಗಿಲು ಪೂರ್ತಿ ಇಳಿಯುವವರೆಗೆ ಗುಂಡಿ ಹಿಡಿದೇ ನಿಲ್ಲಬೇಕು. ಅದೇ ವರ್ಷದ ಬೇಸಿಗೆಯಲ್ಲಿ ಬ್ರಿಟನ್ನಿನಲ್ಲಿ ಮೋಟಾರು ಗೇಟುಗಳು ಇಬ್ಬರು ಪುಟ್ಟ ಹುಡುಗಿಯರನ್ನು ಬಲಿ ತೆಗೆದುಕೊಂಡವು.

ಯುರೋಪಿನ ಮಾನದಂಡ ಇಎನ್ 12453 ಬಾಗಿಲು ಅಮುಕುವ ಬಲಕ್ಕೇ ಮಿತಿ ಹಾಕುತ್ತದೆ. ಸಂದು ಅರ್ಧ ಮೀಟರಿಗಿಂತ ಕಿರಿದಾದ ಮೇಲೆ ಒತ್ತಡ 400 ನ್ಯೂಟನ್ ದಾಟಬಾರದು, ಅಂದರೆ ಸುಮಾರು 40 ಕಿಲೋ ಭಾರ. ಅದೂ 0.75 ಸೆಕೆಂಡು ಮಾತ್ರ.

ಆದರೂ ಒಂದು ಕೆಟ್ಟ ಅಭ್ಯಾಸವಿದೆ. ಪಟ್ಟಿ ಕೆಟ್ಟು ಶಟರ್ ನಿಂತಿದೆ, ಹೊರಗೆ ಲಾರಿ ಕಾಯುತ್ತಿದೆ. ಯಾರೋ ಕಂಟ್ರೋಲ್ ಬಾಕ್ಸ್ ಬಿಚ್ಚಿ 8.2 ಕಿಲೋಓಮ್ ರೆಸಿಸ್ಟರನ್ನು ನೇರವಾಗಿ ಅಲ್ಲೇ ಸಿಕ್ಕಿಸಿಬಿಡುತ್ತಾರೆ. ಬಾಕ್ಸಿಗೆ ಎಲ್ಲ ಸರಿ ಅಂತಲೇ ಕಾಣುತ್ತದೆ. ನಿಮ್ಮಲ್ಲೂ ಹಾಗಾಗಿದೆಯಾ ಅಂತ ತಿಳಿಯಬೇಕಾದರೆ ಒಂದು ಮರದ ತುಂಡು ಸಾಕು. ಮಧ್ಯದಲ್ಲೊಮ್ಮೆ, ಎರಡೂ ತುದಿಯಲ್ಲೊಮ್ಮೆ ಇಟ್ಟು ಶಟರ್ ಇಳಿಸಿ, ತುಂಡು ತಾಗಿದಾಗ ನಿಲ್ಲುತ್ತದಾ ಅಂತ ದೂರ ನಿಂತು ನೋಡಿ. ಕೈ ಮಾತ್ರ ಒಡ್ಡಬೇಡಿ.