‘ಹಿಂದಿನ ಅಪರಾಧ ನಿರ್ಣಯ’ ಎಂದರೇನು?

ಕಾಫಿ ಕೊಯ್ಲಿನ ಕಾಲಕ್ಕೆ ಕಣದಿಂದ ಚೀಲ ಮಾಯವಾದರೆ ಕೊಡಗಿನ ಯಾವ ಊರಲ್ಲೂ ಮೊದಲು ಕೇಳುವ ಮಾತು: ‘ಅವನದೇ ಕೆಲಸ, ಹಳೇ ಕಳ್ಳ, ಮೇಲೆ ಆರು ಕೇಸಿದೆ.’ ಠಾಣೆಯ ಬಾಯಲ್ಲಿ ಅವನು ‘ಎಂಒಬಿ ಆಸಾಮಿ’, ಅಂದರೆ ಪೊಲೀಸರ ಹಳೇ ಕಳ್ಳರ ಪಟ್ಟಿಯಲ್ಲಿರುವವನು. ಆದರೆ ಶಿಕ್ಷೆ ಹೆಚ್ಚಿಸುವಾಗ ನ್ಯಾಯಾಲಯ ಎಣಿಸುವುದು ಕೇಸುಗಳನ್ನಲ್ಲ, ಹಿಂದಿನ ಅಪರಾಧ ನಿರ್ಣಯಗಳನ್ನು. ಅಂದರೆ ವಿಚಾರಣೆ ಮುಗಿದು ‘ತಪ್ಪಿತಸ್ಥ’ ಎಂದು ಬಂದ ತೀರ್ಪುಗಳನ್ನು. ಆರೂ ಕೇಸು ವಿಚಾರಣೆಯಲ್ಲೇ ಇದ್ದರೆ ಲೆಕ್ಕ ಸೊನ್ನೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದಕ್ಕೆ ಮುಖ್ಯವಾದವು ಎರಡು ಕಲಂ. ಸಾದಾ ಕಳ್ಳತನದ ಕಲಂ 303ರಲ್ಲಿ ಮೊದಲ ಸಲ 3 ವರ್ಷದವರೆಗೆ ಸಜೆ, ಅಥವಾ ದಂಡ, ಅಥವಾ ಎರಡೂ. ಅದೇ ಕಲಮಿನಡಿ ಮತ್ತೆ ತಪ್ಪಿತಸ್ಥನಾದರೆ ಕನಿಷ್ಠ 1 ವರ್ಷ, ಗರಿಷ್ಠ 5 ವರ್ಷ ಕಠಿಣ ಸಜೆ, ಜೊತೆಗೆ ದಂಡ. ಹಳೆಯ ದಂಡ ಸಂಹಿತೆಯ (ಐಪಿಸಿ) 379ರಲ್ಲಿ ಈ ‘ಕನಿಷ್ಠ’ ಇರಲಿಲ್ಲ.

ಕಲಂ 13 (ಹಳೆಯ 75) ಇನ್ನೂ ಭಾರಿ. 3 ವರ್ಷ ಅಥವಾ ಹೆಚ್ಚು ಸಜೆ ವಿಧಿಸಬಹುದಾದ ಸ್ವತ್ತಿನ ಅಪರಾಧದಲ್ಲಿ ಒಮ್ಮೆ ತಪ್ಪಿತಸ್ಥನಾದವನು ಅಂಥದ್ದೇ ಇನ್ನೊಂದು ಮಾಡಿದರೆ 10 ವರ್ಷದವರೆಗೆ ಸಜೆ, ಇಲ್ಲವೇ ಜೀವಾವಧಿ. ‘ವಿಧಿಸಬಹುದಾದ’ ಎಂಬ ಮಾತನ್ನು ಗಮನಿಸಿ: ಮೊದಲ ಸಲ ಅವನು ಒಳಗಿದ್ದದ್ದು ಮೂರೇ ತಿಂಗಳಾದರೂ ಅದು ಲೆಕ್ಕಕ್ಕೆ ಬರುತ್ತದೆ. ಆದರೆ ತೀರ್ಪು ಮೊದಲು ಬಂದಿರಬೇಕು, ಎರಡನೇ ಕೃತ್ಯ ಆಮೇಲೆ ನಡೆದಿರಬೇಕು. ಒಂದೇ ವಾರದಲ್ಲಿ ಎರಡು ತೋಟಕ್ಕೆ ನುಗ್ಗಿದ ಹೊಸಬನಿಗೆ ಕಲಂ 13 ತಾಗುವುದಿಲ್ಲ.

ಕದ್ದ ಜಾಗವೂ ಲೆಕ್ಕಕ್ಕಿದೆ. ತೆರೆದ ಕಣದಿಂದ ಒಯ್ದರೆ, ಬಳ್ಳಿಯಿಂದಲೇ ಮೆಣಸು ಬಿಡಿಸಿಕೊಂಡು ಹೋದರೆ, ಕಲಂ 303. ಗೋದಾಮಿನ ಒಳಗಿನಿಂದ ಹೋದರೆ ಕಲಂ 305, 7 ವರ್ಷದವರೆಗೆ. ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲದವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಕಲಂ 303ರಡಿ ಸಮುದಾಯ ಸೇವೆಯಷ್ಟೇ ಶಿಕ್ಷೆ. ಮೆಣಸು ಕೆ.ಜಿ.ಗೆ 600 ರೂಪಾಯಿ ಎಂದಿಟ್ಟುಕೊಂಡರೆ 8 ಕೆ.ಜಿ. ಈ ಗೆರೆಯೊಳಗೆ, 9 ಕೆ.ಜಿ. ಹೊರಗೆ. ಹಾಗಾಗಿ ದೂರಿನಲ್ಲಿ ‘ಸ್ವಲ್ಪ ಮೆಣಸು’ ಎಂದು ಬರೆಯಬೇಡಿ. ತೂಕವನ್ನೂ ಆ ದಿನದ ದರವನ್ನೂ ಬರೆಯಿರಿ.

ತೋಟದವರು ಎಡವುವುದು ರಾಜಿಯಲ್ಲಿ. ಸಾದಾ ಕಳ್ಳತನವನ್ನು ಸ್ವತ್ತಿನ ಮಾಲೀಕ ರಾಜಿ ಮಾಡಿಕೊಳ್ಳಬಹುದು, ಕೊಯ್ಲಿನ ಗಡಿಬಿಡಿಯಲ್ಲಿ ಕೋರ್ಟಿಗೆ ಅಲೆಯುವುದು ಯಾರಿಗೆ ಬೇಕು? ಆದರೆ ರಾಜಿಯ ಫಲ ಖುಲಾಸೆ. ಮೂರು ಸಲ ರಾಜಿಯಾದವನೂ ನಾಲ್ಕನೇ ಸಲ ಕಾನೂನಿನ ಕಣ್ಣಿಗೆ ಮೊದಲ ಸಲದವನೇ. ಒಮ್ಮೆ ತೀರ್ಪಾಗಿ ಹೆಚ್ಚಿನ ಶಿಕ್ಷೆಗೆ ಒಳಪಡುವಂತಾದ ಮೇಲೆ ಮಾತ್ರ ರಾಜಿಯ ಬಾಗಿಲು ಮುಚ್ಚುತ್ತದೆ.

ಹೆಚ್ಚಿನ ಶಿಕ್ಷೆ ತಾನಾಗಿ ಬರುವುದಿಲ್ಲ. ಹಿಂದಿನ ತೀರ್ಪು, ಅದರ ದಿನಾಂಕ, ಸ್ಥಳ ಮೂರನ್ನೂ ದೋಷಾರೋಪಣೆಯಲ್ಲಿ ಹೇಳಿರಬೇಕು. ಬಿಟ್ಟುಹೋಗಿದ್ದರೆ ಶಿಕ್ಷೆ ಪ್ರಕಟಿಸುವ ಮುನ್ನ ಸೇರಿಸಬಹುದು. ಆರೋಪಿ ಅದನ್ನು ಒಪ್ಪದಿದ್ದರೆ ರುಜುವಾತು ಬೇಕು: ಹಳೆಯ ನ್ಯಾಯಾಲಯದ ದೃಢೀಕೃತ ನಕಲು ಅಥವಾ ಜೈಲಿನ ಪ್ರಮಾಣಪತ್ರ, ಜೊತೆಗೆ ಆ ಮನುಷ್ಯ ಇವನೇ ಎಂಬುದಕ್ಕೆ ಸಾಕ್ಷ್ಯ. ಎರಡನೆಯದರಲ್ಲೇ ಕೇಸು ಸಡಿಲವಾಗುವುದು. ಹೆಸರೊಂದೇ ಸಾಲದು, ಬೆರಳಚ್ಚು ಗಟ್ಟಿ. ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯ ಕೊಡಬಹುದಾದ್ದು 3 ವರ್ಷದವರೆಗಷ್ಟೇ, ಅದಕ್ಕೂ ಮೇಲೆ ಬೇಕಾದರೆ ಕೇಸು ಮೇಲಿನ ನ್ಯಾಯಾಲಯಕ್ಕೆ ಹೋಗಬೇಕು.

ಕಲಂ 13ಕ್ಕೆ ಭಾರತದ ಯಾವ ನ್ಯಾಯಾಲಯದ ತೀರ್ಪಾದರೂ ಆದೀತು. ಕೊಡಗಿನ ಕುಟ್ಟದಲ್ಲಿ ಸಿಕ್ಕಿಬಿದ್ದವನಿಗೆ ಗಡಿಯಾಚೆ ಕೇರಳದ ಮಾನಂತವಾಡಿಯಲ್ಲಿ ಆಗಿರುವ ಶಿಕ್ಷೆಯೂ ಲೆಕ್ಕಕ್ಕಿದೆ, ನಕಲು ತರಿಸಿದರೆ. ಆದರೆ ಒಂದು ತೊಡಕು: ಕಲಂ 13 ‘ಈ ಸಂಹಿತೆಯ’ ಅಧ್ಯಾಯಗಳಡಿಯ ಅಪರಾಧ ಎನ್ನುತ್ತದೆ, ಕಲಂ 303 ‘ಈ ಕಲಮಿನಡಿ’ ಎನ್ನುತ್ತದೆ. ಹಳೆಯ ದಂಡ ಸಂಹಿತೆಯಡಿ ಬಂದ ತೀರ್ಪು ಇದರೊಳಗೆ ಬರುವುದಿಲ್ಲ ಎಂದು ಆರೋಪಿಯ ವಕೀಲರು ವಾದಿಸಲು ಇಲ್ಲಿ ಎಡೆಯಿದೆ.